ಎಂಜಿನ್ ಆರಿಸಿ, ಸಲಿಕೆ ಹಿಡಿಯಿರಿ

ಮಕ್ಕಳೇ,

ಹೊಲದ ದಾರಿಯಲ್ಲಿ ಟ್ರ್ಯಾಕ್ಟರೋ ಲಾರಿಯೋ ಹೂತು ನಿಂತಿರುವುದನ್ನು ನೀವು ನೋಡಿರುತ್ತೀರಿ. ಎಂಜಿನ್ ಆರ್ಭಟಿಸುತ್ತದೆ. ಕಪ್ಪು ಹೊಗೆ ಏಳುತ್ತದೆ. ಗಾಲಿ ಗಿರಗಿರನೆ ತಿರುಗಿ ಕೆಸರು ಸಿಡಿಯುತ್ತದೆ. ಗಾಡಿ ಮಾತ್ರ ಇದ್ದಲ್ಲೇ ಇರುತ್ತದೆ. ಸುತ್ತ ಜನ ಸೇರಿ "ಇನ್ನೂ ಜೋರು, ಇನ್ನೂ ಜೋರು" ಎಂದು ಕೂಗುತ್ತಾರೆ. ಶಾಲೆ ಬಿಟ್ಟ ಹೊತ್ತಾದರೆ ನೀವೂ ಆ ಗುಂಪಿನಲ್ಲಿ ಇರುತ್ತೀರಿ, ಅಲ್ಲವೇ?

ಹೀಗೆ ಹೂತ ಗಾಡಿಯನ್ನು ಜೋರಿನಿಂದ ಎತ್ತಲು ಹೋಗುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದದ್ದಲ್ಲ. ಒಂದು ಸಂಜೆ ಕಣ್ಣಾರೆ ಕಂಡದ್ದರಿಂದ ಬಂದದ್ದು.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಗೆ ವಿಜ್ಞಾನದ ಸಾಮಗ್ರಿ ಕೊಟ್ಟು ಮರಳಿ ಬರುತ್ತಿದ್ದೆ. ಅದು ಎರೆಮಣ್ಣಿನ ಊರು. ಕಬ್ಬು ಕಡಿಯುವ ಕಾಲ. ಹಿಂದಿನ ರಾತ್ರಿ ಅಕಾಲಿಕ ಮಳೆ ಬಿದ್ದಿತ್ತು. ಕಬ್ಬು ತುಂಬಿದ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಒಂದು ದಾರಿಯಲ್ಲೇ ಹೂತಿತ್ತು. ಓಡಿಸುತ್ತಿದ್ದವನು ಇಪ್ಪತ್ತು ವರ್ಷದ ಹುಡುಗ. ಅವನು ಜೋರು ಕೊಟ್ಟಷ್ಟೂ ಹಿಂದಿನ ಗಾಲಿಗಳು ಕೆಳಗಿಳಿದವು. ಆಗ ಯಾರೋ ಒಬ್ಬರು ಮರದ ದಿಮ್ಮಿ ತಂದು, ಎರಡೂ ಹಿಂಗಾಲಿಗಳಿಗೆ ಅಡ್ಡಲಾಗಿ ಸರಪಳಿಯಿಂದ ಬಿಗಿದರು. ಹುಡುಗ ಕ್ಲಚ್ ಬಿಟ್ಟ. ಮರುಕ್ಷಣ ಟ್ರ್ಯಾಕ್ಟರಿನ ಮುಂಗಾಲಿಗಳು ಕುದುರೆ ಮುಂಗಾಲೆತ್ತಿದ ಹಾಗೆ ಮೇಲೆದ್ದವು! ಅವನ ಕಾಲು ತಕ್ಷಣ ಕ್ಲಚ್ ಒತ್ತಿತು. ಗಾಡಿ ಧಡ್ ಎಂದು ಕೆಳಗೆ ಬಿತ್ತು. ಜನ ನಕ್ಕರು. ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಕೈ ಮಾತ್ರ ನಡುಗುತ್ತಿತ್ತು.

ಏಕೆ ಗೊತ್ತೇ? ಎಂಜಿನ್ ಸಾಮಾನ್ಯವಾಗಿ ಗಾಲಿಯನ್ನು ತಿರುಗಿಸುತ್ತದೆ. ಗಾಲಿಯನ್ನು ತಿರುಗದಂತೆ ದಿಮ್ಮಿ ಹಿಡಿದು ನಿಲ್ಲಿಸಿದರೆ ಆ ಬಲ ಎಲ್ಲಿಗೆ ಹೋಗಬೇಕು? ಗಾಲಿ ತಿರುಗದಿದ್ದರೆ, ಹಿಂದಿನ ಅಚ್ಚಿನ ಸುತ್ತ ಇಡೀ ಟ್ರ್ಯಾಕ್ಟರೇ ತಿರುಗುತ್ತದೆ. ಮೂತಿ ಮೇಲೆದ್ದು, ಗಾಡಿ ಹಿಂದಕ್ಕೆ ಮಗುಚಿ, ಚಾಲಕ ಅದರ ಅಡಿಗೆ ಸಿಗುತ್ತಾನೆ. ಇದಕ್ಕೆ ಸುಮಾರು ಒಂದೂವರೆ ಸೆಕೆಂಡು ಸಾಕು. ಹಾರಿ ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಆ ಹುಡುಗ ಬದುಕಿದ್ದು ಅವನ ಕಾಲಿನ ಚುರುಕಿನಿಂದ.

ಗುಂಪಿನಲ್ಲಿದ್ದ ಹಿರಿಯ ರೈತರೊಬ್ಬರು ಆಗ ಮುಂದೆ ಬಂದರು. "ತಮ್ಮಾ, ಮೊದ್ಲ ಎಂಜಿನ್ ಬಂದ್ ಮಾಡು. ನೆಲದ ಜೋಡಿ ಜಗಳಾ ಆಡಬ್ಯಾಡ. ಸಲಿಕಿ ತರ್ರಿ" ಎಂದರು. ಅವರು ಹೇಳಿದ್ದು ಅಪ್ಪಟ ವಿಜ್ಞಾನ. ಹೇಗೆಂದು ನೋಡೋಣ.

ಗಾಡಿ ಹೂಳುವುದೇಕೆ?

ನೆಲ ತಾಳುವುದಕ್ಕಿಂತ ಹೆಚ್ಚು ಒತ್ತಡ ಬಿದ್ದರೆ ಗಾಡಿ ಹೂಳುತ್ತದೆ. ಒತ್ತಡ ಎಂದರೆ ತೂಕ ಮಾತ್ರವಲ್ಲ. ಆ ತೂಕ ಎಷ್ಟು ಜಾಗದ ಮೇಲೆ ಹರಡಿದೆ ಎಂಬುದೂ ಮುಖ್ಯ. ನಮ್ಮೂರುಗಳಲ್ಲಿ ಇಟಾಚಿ ಎಂದು ಕರೆಯುವ, ಉಕ್ಕಿನ ಪಟ್ಟಿಗಳ ಮೇಲೆ ನಡೆಯುವ ಅಗೆಯುವ ಯಂತ್ರವನ್ನು ನೋಡಿ. ಅದರ ತೂಕ 20 ಟನ್, ಅಂದರೆ 20,000 ಕಿಲೋಗ್ರಾಂ ಎಂದುಕೊಳ್ಳೋಣ. ಒಂದೊಂದು ಪಟ್ಟಿ 60 ಸೆಂಟಿಮೀಟರ್ ಅಗಲವಿದ್ದು, 350 ಸೆಂಟಿಮೀಟರ್ ಉದ್ದಕ್ಕೆ ನೆಲ ಮುಟ್ಟಿದರೆ, ಎರಡು ಪಟ್ಟಿಗಳ ಒಟ್ಟು ವಿಸ್ತೀರ್ಣ 42,000 ಚದರ ಸೆಂಟಿಮೀಟರ್. ಭಾಗಿಸಿ ನೋಡಿ. ಒಂದು ಚದರ ಸೆಂಟಿಮೀಟರಿನ ಮೇಲೆ ಅರ್ಧ ಕಿಲೋಗ್ರಾಂ ಭಾರವೂ ಬೀಳುವುದಿಲ್ಲ!

ಇನ್ನು ಟೈರು. ಟೈರು ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಟ್ರ್ಯಾಕ್ಟರಿನ ದೊಡ್ಡ ಹಿಂಗಾಲಿಯಲ್ಲಿ ಅದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ. ಲಾರಿಯ ಗಟ್ಟಿ ಟೈರಿನಲ್ಲಿ 7 ಕಿಲೋಗ್ರಾಮಿನಷ್ಟು. ಕಬ್ಬಿನ ಟ್ರೇಲರಿನ ಟೈರು ಸಾಮಾನ್ಯವಾಗಿ ಲಾರಿಯ ಟೈರಿನಂಥದ್ದೇ. ಆದ್ದರಿಂದ ಅನೇಕ ಸಲ ಮೊದಲು ಹೂಳುವುದು ಟ್ರೇಲರು. ಅದನ್ನು ಎಳೆಯಲಾರದೆ ಟ್ರ್ಯಾಕ್ಟರಿನ ಗಾಲಿ ಜಾರತೊಡಗುತ್ತದೆ.

ಎರೆಮಣ್ಣಿನ ಗುಣವೂ ಇದಕ್ಕೆ ಸೇರುತ್ತದೆ. ಅದರ ಕಣಗಳು ಬಹಳ ನುಣುಪು. ನೀರು ಹೀರಿ ಉಬ್ಬುತ್ತವೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಅದೇ ನೆಲ ಮಳೆ ಬಿದ್ದಾಗ ಬೆಣ್ಣೆಯಂತಾಗುತ್ತದೆ.

ಜೋರು ಕೊಟ್ಟರೆ ಏನಾಗುತ್ತದೆ?

ಗಾಡಿ ಮುಂದೆ ಹೋಗುವುದು ಎಂಜಿನ್ ಒಂದರಿಂದಲೇ ಅಲ್ಲ. ಗಾಲಿ ನೆಲವನ್ನು ಹಿಂದಕ್ಕೆ ತಳ್ಳಬೇಕು. ನೆಲ ಗಾಲಿಯನ್ನು ಮುಂದಕ್ಕೆ ತಳ್ಳಬೇಕು. ನಡುವೆ ಘರ್ಷಣೆ ಬೇಕು. ಜಾರದ ಗಾಲಿಗೆ ಸಿಗುವ ಹಿಡಿತ ಜಾರುವ ಗಾಲಿಗೆ ಸಿಗುವುದಿಲ್ಲ. ಒಮ್ಮೆ ಗಾಲಿ ಗಿರಗಿರನೆ ಸುತ್ತಿತೆಂದರೆ ಅದು ಗಾಲಿಯಾಗಿ ಉಳಿಯುವುದಿಲ್ಲ, ಸಲಿಕೆಯಾಗುತ್ತದೆ. ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಕೊನೆಗೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗಿದರೆ ಕೆಲಸ ನಾಲ್ಕು ಪಟ್ಟು ಹೆಚ್ಚುತ್ತದೆ.

ಆ ಸಂಜೆ ಹಿರಿಯರ ಮಾತಿನಂತೆ ನಡೆದ ಕೆಲಸ ಇಷ್ಟು. ಮೊದಲು ದಿಮ್ಮಿ ಬಿಚ್ಚಿದರು. ಅರ್ಧ ಕಬ್ಬು ಇಳಿಸಿ, ಟ್ರೇಲರನ್ನು ಟ್ರ್ಯಾಕ್ಟರಿನಿಂದ ಬೇರೆ ಮಾಡಿದರು. ತೂಕ ಇಳಿಯಿತು. ಗಾಲಿಗಳ ಮುಂದಿನ ಮಣ್ಣನ್ನು ಇಳಿಜಾರಾಗಿ ಕಡಿದು, ನಿಂತ ನೀರಿಗೆ ಕಾಲುವೆ ಮಾಡಿದರು. ಗೋಡೆ ಹತ್ತಬೇಕಿದ್ದ ಗಾಲಿಗೆ ಈಗ ಸಣ್ಣ ಏರು ಮಾತ್ರ ಉಳಿಯಿತು. ಅದರ ಮೇಲೆ ಕಬ್ಬಿನ ರವದಿ ಹಾಸಿ, ಹಲಗೆಗಳನ್ನು ಇಟ್ಟರು. ತೂಕ ಹರಡಿತು, ಹಿಡಿತವೂ ಸಿಕ್ಕಿತು. ಆಮೇಲೆ ಎಲ್ಲರನ್ನೂ ದೂರ ಕಳಿಸಿ, ಹುಡುಗನಿಗೆ ಚಿಕ್ಕ ಗೇರಿನಲ್ಲಿ ನಿಧಾನ ಬಿಡಲು ಹೇಳಿದರು. ಟ್ರ್ಯಾಕ್ಟರ್ ಸದ್ದಿಲ್ಲದೆ ಹತ್ತಿ ಬಂತು. ಅರ್ಧ ಖಾಲಿಯಾಗಿದ್ದ ಟ್ರೇಲರ್ ಅದರ ಹಿಂದೆ ಬಂತು. ಹಿಡಿದದ್ದು ಒಂದೂವರೆ ತಾಸು. ಜೋರು ಕೊಟ್ಟು ಕಳೆದಿದ್ದ ಹೊತ್ತು ಅದಕ್ಕಿಂತ ಹೆಚ್ಚು!

ಮಂಗಳನಲ್ಲೂ ಇದೇ ಪಾಠ

ಹೂತ ಗಾಡಿಯ ಕಷ್ಟ ನಮ್ಮ ಹೊಲಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹಕ್ಕೆ ಕಳಿಸಿದ್ದ ಆಪರ್ಚುನಿಟಿ ಎಂಬ ಆರು ಗಾಲಿಯ ಬಂಡಿ 2005ರ ಏಪ್ರಿಲ್ 26ರಂದು ಮರಳಿನ ದಿಬ್ಬದಲ್ಲಿ ಹೂತಿತು. ಅಲ್ಲಿ ತಳ್ಳಲು ಜನರಿಲ್ಲ, ಎಳೆಯಲು ಇನ್ನೊಂದು ಗಾಡಿಯಿಲ್ಲ. ವಿಜ್ಞಾನಿಗಳು ಏನು ಮಾಡಿದರು? ಬಂಡಿಯನ್ನು ನಿಲ್ಲಿಸಿದರು. ಭೂಮಿಯ ಮೇಲೆ ಅಂಥದ್ದೇ ಮರಳು ಬೆರೆಸಿ, ಅಂಥದ್ದೇ ಬಂಡಿಯನ್ನು ಅದರಲ್ಲಿ ಹೂತು, ಹೊರತರುವ ಬಗೆಯನ್ನು ಪರೀಕ್ಷಿಸಿದರು. ಆಮೇಲೆ ಸ್ವಲ್ಪ ಸ್ವಲ್ಪವೇ ಸರಿಸಿ, ಪ್ರತಿ ಸಲ ಚಿತ್ರ ನೋಡಿ, ಜೂನ್ 4ರಂದು ಅದನ್ನು ಹೊರತಂದರು. ಆ ಬಂಡಿ 2018ರವರೆಗೆ ಕೆಲಸ ಮಾಡಿ, ಒಟ್ಟು 45 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿತು.

ಯೋಚಿಸಿದರೆ ಯಾವಾಗಲೂ ಗೆಲುವೇ ಎಂದು ನಾನು ಹೇಳುವುದಿಲ್ಲ. ಅದರ ಜೊತೆಗಾರ ಸ್ಪಿರಿಟ್ ಬಂಡಿ 2009ರಲ್ಲಿ ಹೂತಾಗ ಎಷ್ಟು ಪ್ರಯತ್ನಿಸಿದರೂ ಹೊರಬರಲಿಲ್ಲ. ಅದರ ಒಂದು ಗಾಲಿ ಮೊದಲೇ ಕೆಟ್ಟಿತ್ತು. ಆದರೆ ಅವಸರ ಮಾಡಿದ್ದರೆ ಆಪರ್ಚುನಿಟಿಯೂ ಉಳಿಯುತ್ತಿರಲಿಲ್ಲವೇನೋ.

"ಹೊಲದಲ್ಲಿ ಕಬ್ಬು ಒಣಗುತ್ತಿರುವಾಗ ವಾರಗಟ್ಟಲೆ ಪರೀಕ್ಷೆ ಮಾಡಲಾಗುತ್ತದೆಯೇ ಸಾರ್?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಬ್ಬು ಒಣಗಿದರೆ ತೂಕ ಇಳಿಯುತ್ತದೆ, ರೈತನಿಗೆ ನಷ್ಟ. ನಾನು ಕೇಳುವುದು ವಾರಗಳನ್ನಲ್ಲ, ಹತ್ತು ನಿಮಿಷ. ಎಂಜಿನ್ ಆರಿಸಿ, ಇಳಿದು, ಯಾವ ಗಾಲಿ ಎಷ್ಟು ಹೂತಿದೆ, ಹೊಟ್ಟೆ ತಾಗಿದೆಯೇ, ಗಟ್ಟಿ ನೆಲ ಯಾವ ಕಡೆ ಇದೆ ಎಂದು ನೋಡಲು ಅಷ್ಟು ಸಾಕು.

ನಿಮ್ಮಲ್ಲಿ ನನ್ನ ಮಾತು ಎರಡು.

ಮೊದಲನೆಯದು, ಹೂತ ಗಾಡಿಯ ಹತ್ತಿರ ಹೋಗಬೇಡಿ. ತಳ್ಳಲು ಕರೆದರೂ ಬೇಡ. ಅದು ದೊಡ್ಡವರ ಕೆಲಸ. ಬಿಗಿಯಾಗಿ ಎಳೆದ ಹಗ್ಗ ಅಥವಾ ಸರಪಳಿ, ಎಳೆದು ಹಿಡಿದ ಕ್ಯಾಟರ್‌ಬಿಲ್ಲಿನ ರಬ್ಬರಿನ ಹಾಗೆ ಶಕ್ತಿಯನ್ನು ತುಂಬಿಕೊಂಡಿರುತ್ತದೆ. ತುಂಡಾದರೆ ಅಥವಾ ಕೊಕ್ಕೆ ಕಿತ್ತರೆ ಅದು ಬಡಿಯುವ ರಭಸಕ್ಕೆ ಮೂಳೆ ಮುರಿಯುತ್ತದೆ, ಜೀವವೂ ಹೋಗಬಹುದು. ಹಗ್ಗದ ಉದ್ದದ ಎರಡು ಪಟ್ಟು ದೂರದಲ್ಲಿ ನಿಲ್ಲಿ. ಗಾಲಿಗೆ ದಿಮ್ಮಿ ಕಟ್ಟುವುದನ್ನು ಕಂಡರೆ ಚಪ್ಪಾಳೆ ತಟ್ಟಬೇಡಿ. "ಕಾಕಾ, ಗಾಡಿ ಮಗುಚುತ್ತದೆ" ಎಂದು ಕೂಗಿ ಹೇಳಿ.

ಎರಡನೆಯದು, ಒಂದು ಸಣ್ಣ ಪ್ರಯೋಗ ಮಾಡಿ. ಬಾಂಡ್ಲಿಯಲ್ಲಿ ಮೆತ್ತನೆಯ ಕೆಸರು ತುಂಬಿ. ಒಂದು ಇಟ್ಟಿಗೆಯನ್ನು ಅದರ ಮೇಲೆ ಉದ್ದಕ್ಕೆ ನಿಲ್ಲಿಸಿ, ಎಷ್ಟು ಇಳಿಯಿತೆಂದು ಕಡ್ಡಿಯಿಂದ ಅಳೆಯಿರಿ. ಆಮೇಲೆ ಕೆಸರನ್ನು ಮಟ್ಟ ಮಾಡಿ, ಅದೇ ಇಟ್ಟಿಗೆಯನ್ನು ಅಗಲಕ್ಕೆ ಮಲಗಿಸಿ ಅಳೆಯಿರಿ. ಮೂರನೆಯ ಸಲ ಇಟ್ಟಿಗೆಯ ಕೆಳಗೆ ಒಂದು ಹಲಗೆ ಇಡಿ. ತೂಕ ಅದೇ, ನೆಲ ಅದೇ. ಆದರೆ ಫಲಿತಾಂಶ? ಬರೆದಿಟ್ಟು, ಮನೆಯಲ್ಲಿ ಅಪ್ಪನಿಗೋ ಮಾವನಿಗೋ ತೋರಿಸಿ. ಟ್ರ್ಯಾಕ್ಟರ್ ಓಡಿಸುವವರಾದರೆ, ಸೀಟಿನ ಹಿಂದೆ ಒಂದು ಸಲಿಕೆ, ಟ್ರೇಲರಿನಲ್ಲಿ ಎರಡು ಹಲಗೆ ಸದಾ ಇರಲಿ ಎಂದು ಹೇಳಿ.

ಒತ್ತಡ, ಘರ್ಷಣೆ ಎಂಬ ಪಾಠಗಳು ಪರೀಕ್ಷೆಯ ಅಂಕಕ್ಕೆ ಮಾತ್ರ ಇರುವುದಲ್ಲ. ಆ ಸಂಜೆ ಕ್ಲಚ್ ಒತ್ತಿದ ಹುಡುಗನ ಕಾಲು ಅರ್ಧ ಸೆಕೆಂಡು ತಡವಾಗಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ. ಮುಂದೆ ನಿಮ್ಮಲ್ಲಿ ಹಲವರು ಟ್ರ್ಯಾಕ್ಟರ್ ಏರುತ್ತೀರಿ. ಅದು ಹೂತ ದಿನ, ಮೊದಲು ಎಂಜಿನ್ ಆರಿಸಿ.