ಸ್ಟೇರಿಂಗ್ ಹಿಡಿದವರಲ್ಲಿ ಒಂದು ಮನವಿ



ಸೈಕಲ್ಲಿಗೆ ಕಾರು ಗುದ್ದಿದ ಪ್ರಕರಣ ಠಾಣೆಗೆ ಬಂದಾಗ ಚಾಲಕರ ಬಾಯಿಂದ ಬರುವ ಮಾತು ಹೆಚ್ಚುಕಡಿಮೆ ಒಂದೇ: ‘ಸಾರ್, ಕಾಣಲೇ ಇಲ್ಲ. ಎಲ್ಲಿಂದ ಬಂದನೋ ಗೊತ್ತಿಲ್ಲ.’ ಬೀದರಿನಲ್ಲೂ ಅದೇ, ಚಾಮರಾಜನಗರದಲ್ಲೂ ಅದೇ. ಹಾಗೆ ಹೇಳಿದವರನ್ನೆಲ್ಲ ಸುಳ್ಳುಗಾರರ ಸಾಲಿಗೆ ಸೇರಿಸಲು ನಾನು ಹೊರಟಿಲ್ಲ. ಬಹಳ ಸಲ ಅವರು ಹೇಳುವುದು ನಿಜ. ಅವರಿಗೆ ಕಂಡಿರುವುದೇ ಇಲ್ಲ. ಚಿಂತೆಗೆ ಕಾರಣವಾಗಬೇಕಾದದ್ದೂ ಅದೇ. ಯಾವ ಹೊತ್ತಿನಲ್ಲಿ, ಯಾವ ತಿರುವಿನಲ್ಲಿ, ಎಷ್ಟು ವೇಗದಲ್ಲಿ ಮನುಷ್ಯನ ಕಣ್ಣು ಕೈಕೊಡುತ್ತದೆ ಎನ್ನುವುದು ಈಗ ಗುಟ್ಟೇನಲ್ಲ. ಕೈಕೊಡುತ್ತದೆ ಎಂದು ಗೊತ್ತಿದ್ದೂ ಆ ಕಣ್ಣನ್ನೇ ನಂಬಿ ಒಂದು ಟನ್ ಮೀರಿದ ಗಾಡಿಯನ್ನು ಜನರ ನಡುವೆ ನುಗ್ಗಿಸಿದರೆ, ಕಾಣಲಿಲ್ಲ ಎನ್ನುವುದು ಸಮಜಾಯಿಷಿ ಆಗುವುದಿಲ್ಲ. ಅದು ತಪ್ಪೊಪ್ಪಿಗೆಯೇ ಆಗುತ್ತದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೈಕಲ್ ಮೇಲಿದ್ದವರು. ಎಲ್ಲರಿಗೂ ಗುದ್ದಿದ್ದು ಕಾರೇ ಅಲ್ಲ, ಲಾರಿ, ಬಸ್ಸು, ಬೈಕುಗಳೂ ಇವೆ. ಆದರೆ ಸತ್ತವರ ಕುಲ ಒಂದೇ. ಭಾನುವಾರ ಬೆಳಿಗ್ಗೆ ಹೆಲ್ಮೆಟ್ ತೊಟ್ಟು ನಂದಿ ಬೆಟ್ಟ ಹತ್ತುವವರನ್ನು ನಾವು ಸೈಕಲ್ ಸವಾರರೆಂದು ನೆನೆಯುತ್ತೇವೆ. ಆದರೆ ನಮ್ಮ ರಾಜ್ಯದ ಸೈಕಲ್ಲುಗಳು ಹೆಚ್ಚಾಗಿ ಇರುವುದು ಬೇರೆಯವರ ಕೈಯಲ್ಲಿ. ಪೇಪರ್ ಹಾಕುವ ಹುಡುಗರು, ಹ್ಯಾಂಡಲ್ಲಿಗೆ ಕ್ಯಾನು ಸಿಕ್ಕಿಸಿಕೊಂಡು ಡೇರಿಗೆ ಹಾಲು ಹಾಕುವವರು, ಗಾರೆ ಕೆಲಸದವರು, ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯುರಿಟಿ ಗಾರ್ಡುಗಳು. 2006-07ರಲ್ಲಿ ಶುರುವಾದ ಸರ್ಕಾರಿ ಸೈಕಲ್ ಯೋಜನೆ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳನ್ನು ಹೈಸ್ಕೂಲಿನ ದಾರಿಗೆ ಹಚ್ಚಿತು. ಅದೇ ದಾರಿ ಅನೇಕ ಕಡೆ ರಾಜ್ಯ ಹೆದ್ದಾರಿಯೂ ಹೌದು. ದೇಶಕ್ಕೆ ಹೆಸರಾಂತ ಸೈಕ್ಲಿಸ್ಟುಗಳನ್ನು ಕೊಟ್ಟ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಮಕ್ಕಳು ನಸುಕಿನಲ್ಲಿ ತಾಲೀಮು ಮಾಡುವುದೂ ನಾವು ನೀವು ಓಡಾಡುವ ಡಾಂಬರು ರಸ್ತೆಯ ಮೇಲೆಯೇ. ಇವರಲ್ಲಿ ಬಹಳ ಮಂದಿ ರಸ್ತೆಗಿಳಿಯುವುದು ಬೆಳಕು ಹರಿಯುವ ಮುನ್ನ, ಇಲ್ಲವೇ ಕತ್ತಲಾದ ಮೇಲೆ. ನಮ್ಮ ಕಣ್ಣಿನ ಶಕ್ತಿ ತೀರಾ ಕುಗ್ಗಿರುವ ಹೊತ್ತೂ ಅದೇ.

ಕತ್ತಲ ಲೆಕ್ಕವನ್ನೇ ಮೊದಲು ನೋಡೋಣ. ಡಿಪ್ ಮಾಡಿದ ಹೆಡ್‌ಲೈಟಿನಲ್ಲಿ ಮಬ್ಬು ಬಣ್ಣದ ಅಂಗಿ ತೊಟ್ಟ ಸೈಕಲ್ ಸವಾರ ಹೆಚ್ಚೆಂದರೆ 40-50 ಮೀಟರ್ ದೂರದಲ್ಲಿ ಕಣ್ಣಿಗೆ ಬೀಳುತ್ತಾನೆ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಕಂಡದ್ದು ಮನಸ್ಸಿಗೆ ಇಳಿದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲೇ 33 ಮೀಟರ್ ಮುಗಿದಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನಲ್ಲಿ ಗಾಡಿ ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. ಒಟ್ಟು ಹತ್ತಿರ ಹತ್ತಿರ 70 ಮೀಟರ್. ಅಂದರೆ ಸೈಕಲ್ಲು ಕಾಣುವ ಹೊತ್ತಿಗೆ ಅದನ್ನು ಉಳಿಸುವ ಅವಕಾಶ ಕಳೆದುಹೋಗಿರುತ್ತದೆ. ಅದೇ ಕಾರು 50ರಲ್ಲಿದ್ದರೆ 35 ಮೀಟರಿನೊಳಗೆ ನಿಲ್ಲುತ್ತದೆ. ಎರಡೂ ಸಂದರ್ಭದಲ್ಲಿ ಚಾಲಕ ಅವನೇ, ಕಣ್ಣು ಅದೇ, ಸೈಕಲ್ಲೂ ಅದೇ. ಸವಾರ ಮನೆ ಮುಟ್ಟುತ್ತಾನೋ ಇಲ್ಲವೋ ಎನ್ನುವುದು ಅಪಘಾತದ ಗಳಿಗೆಗಿಂತ ಬಹಳ ಮೊದಲೇ, ಆಕ್ಸಿಲರೇಟರ್ ಮೇಲಿನ ಕಾಲಿನಲ್ಲಿ ತೀರ್ಮಾನವಾಗಿರುತ್ತದೆ.

ಹಗಲಿನ ಕುರುಡು ಬೇರೆ ಬಗೆಯದು. ನಮ್ಮ ಕಣ್ಣು ಸೂಕ್ಷ್ಮವಾಗಿ ನೋಡುವುದು ಬಹಳ ಚಿಕ್ಕ ಜಾಗವನ್ನು. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಉಗುರು ಮುಚ್ಚುವಷ್ಟು ಮಾತ್ರ. ಉಳಿದುದೆಲ್ಲ ಮಸುಕು. ಆ ಮಸುಕನ್ನು ಮಿದುಳು ತನ್ನ ಅಂದಾಜಿನಿಂದ ತುಂಬಿಕೊಳ್ಳುತ್ತದೆ. ನೋಟ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುವ ಕ್ಷಣಾರ್ಧದಲ್ಲಿ ನಮಗೆ ಏನೂ ಕಾಣುವುದಿಲ್ಲ, ಕಾಣಲಿಲ್ಲ ಎಂಬ ಅರಿವೂ ಇರುವುದಿಲ್ಲ. ಸರ್ಕಲ್ಲಿನಲ್ಲಿ ಸರ್ರನೆ ಕತ್ತು ತಿರುಗಿಸಿ ‘ಕ್ಲಿಯರ್ ಇದೆ’ ಎಂದುಕೊಂಡು ನುಗ್ಗುವಾಗ ನಡುವಿನ ಎಷ್ಟೋ ಜಾಗವನ್ನು ನಾವು ನೋಡಿಯೇ ಇರುವುದಿಲ್ಲ. ಲಾರಿ ಇದ್ದರೆ ಅಂಥ ಅರೆನೋಟಕ್ಕೂ ಸಿಗುತ್ತದೆ. ತೆಳ್ಳಗಿನ ಸೈಕಲ್ಲು ಸಿಗುವುದಿಲ್ಲ.

ಇದರ ಜೊತೆಗೆ ಮುಂಗಾಜಿನ ಎರಡೂ ಪಕ್ಕದ ಕಂಬಗಳು. ಗಾಡಿ ಪಲ್ಟಿಯಾದರೂ ಚಾವಣಿ ಕುಸಿಯದಿರಲೆಂದು ಹೊಸ ಕಾರುಗಳಲ್ಲಿ ಅವನ್ನು ದಪ್ಪ ಮಾಡಿದ್ದಾರೆ. ಒಳಗಿರುವವರಿಗೆ ಅದು ರಕ್ಷಣೆ. ಆದರೆ ಅಡ್ಡ ರಸ್ತೆಯಿಂದ ಬರುವ ಸೈಕಲ್ಲು ನಮ್ಮ ವೇಗಕ್ಕೆ ಹೊಂದುವಂತೆ ಸಾಗಿದರೆ ಹಲವು ಸೆಕೆಂಡು ಆ ಕಂಬದ ಮರೆಯಲ್ಲೇ ಉಳಿದುಬಿಡಬಹುದು. ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಲ್ಲಿ ಇಪ್ಲಿ ಕ್ರಾಸ್ ಎಂಬ ಕೂಡುರಸ್ತೆ ಇದೆ. ಸುತ್ತ ಬಟಾಬಯಲು. 2011ರಲ್ಲಿ ಒಬ್ಬ, 2016ರಲ್ಲಿ ಇನ್ನೊಬ್ಬ ಸೈಕಲ್ ಸವಾರ ಅಲ್ಲಿ ಕಾರಿಗೆ ಸಿಕ್ಕಿ ಸತ್ತರು. ಅಷ್ಟು ಬಯಲಿನಲ್ಲೂ ಸೈಕಲ್ಲು ಕಂಬದ ಮರೆಗೆ ಸರಿಯಬಹುದಾದರೆ ಅಂಗಡಿ, ಫ್ಲೆಕ್ಸು, ನಿಂತ ಆಟೋಗಳ ನಡುವೆ ಹಾಯುವ ನಮ್ಮ ಅಡ್ಡರಸ್ತೆಗಳ ಪಾಡೇನು?

ಫಿನ್ಲೆಂಡಿನ ಹೇಕಿ ಸುಮ್ಮಲಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಸರ್ವಿಸ್ ರಸ್ತೆಗಳಿಗೂ ಹೊಂದುತ್ತದೆ. ಅಲ್ಲಿ ವಾಹನಗಳು ಚಲಿಸುವುದು ಬಲಬದಿಯಲ್ಲಿ. ಬಲಕ್ಕೆ ತಿರುಗುವವರು ಕಾರುಗಳು ಬರುವ ಎಡಗಡೆಯನ್ನಷ್ಟೇ ನೋಡುತ್ತಿದ್ದರು. ಬಲದಿಂದ ಬರುವ ಸೈಕಲ್ಲಿನ ಕಡೆ ಅವರ ಕಣ್ಣು ಹೋಗುತ್ತಲೇ ಇರಲಿಲ್ಲ. ತಮಗೆ ಅಪಾಯ ಬರುವ ದಿಕ್ಕನ್ನು ನೋಡಿದರು, ತಮ್ಮಿಂದ ಅಪಾಯಕ್ಕೆ ಸಿಗುವವರ ದಿಕ್ಕನ್ನು ಬಿಟ್ಟರು. ನಮ್ಮಲ್ಲಿ ಇದು ತಿರುವುಮುರುವು. ಎಡಕ್ಕೆ ತಿರುಗುವಾಗ ಬಲಗಡೆ ಮಾತ್ರ ನೋಡುತ್ತೇವೆ. ರಸ್ತೆ ದಾಟುವ ಜಾಗ ಒಂದು ಕಿಲೋಮೀಟರ್ ಆಚೆ ಇರುವುದರಿಂದ ಅಂಚು ಹಿಡಿದು ಎದುರು ದಿಕ್ಕಿನಲ್ಲಿ ಬರುವ ಸೈಕಲ್ಲು ನಮ್ಮ ಎಡಕ್ಕಿರುತ್ತದೆ. ಅವನು ರಾಂಗ್ ಸೈಡಿನಲ್ಲಿ ಬಂದದ್ದು ತಪ್ಪೇ. ಆ ತಪ್ಪಿಗೆ ಮರಣದಂಡನೆ ಯಾವ ಕಾನೂನಿನಲ್ಲೂ ಇಲ್ಲ. ಆ ಅಧ್ಯಯನದಲ್ಲಿ ಭರವಸೆಯ ಅಂಶವೂ ಇದೆ. ವೇಗ ತಗ್ಗಿಸುವ ಏರ್ಪಾಡು ಮಾಡಿದ ಕಡೆ ಚಾಲಕರು ಬಲಗಡೆಯನ್ನೂ ನೋಡತೊಡಗಿದರು. ವೇಗ ಇಳಿದರೆ ನೋಟ ಅಗಲವಾಗುತ್ತದೆ.

‘ಅವರೂ ಪಳಪಳ ಹೊಳೆಯುವ ಜಾಕೆಟ್ ಹಾಕಿಕೊಳ್ಳಲಿ’ ಎನ್ನುವವರು ಇದ್ದಾರೆ. ಹಾಕಿಕೊಂಡರೆ ಒಳ್ಳೆಯದೇ. ಆದರೆ ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಬೇರೆ ಬೇರೆ ಉಡುಪು ತೊಟ್ಟ ಸವಾರನನ್ನು ಸಾವಿರಾರು ವಾಹನಗಳು ಎಷ್ಟು ಅಂತರದಲ್ಲಿ ಓವರ್‌ಟೇಕ್ ಮಾಡುತ್ತವೆ ಎಂದು ಸೈಕಲ್ಲಿಗೆ ಕಟ್ಟಿದ ಸಾಧನದಿಂದ ಅಳೆದರು. ಹೊಳೆಯುವ ಜಾಕೆಟ್ಟಿಗೂ ಸಾಮಾನ್ಯ ಬಟ್ಟೆಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಪೊಲೀಸ್ ಎಂಬ ಮಾತು ಮತ್ತು ಕ್ಯಾಮೆರಾ ಇದೆ ಎಂಬ ಸೂಚನೆ ಬರೆದ ಜಾಕೆಟ್ ಒಂದಕ್ಕೆ ಮಾತ್ರ ಚಾಲಕರು ಹೆಚ್ಚು ಜಾಗ ಬಿಟ್ಟರು. ಬೆನ್ನ ಮೇಲಿನ ಅಕ್ಷರ ಓದುವಷ್ಟು ಕಣ್ಣು ಅವರಿಗೆ ಚೆನ್ನಾಗಿತ್ತು. ಕೊರತೆ ಇದ್ದದ್ದು ಲೆಕ್ಕಕ್ಕೆ ತೆಗೆದುಕೊಳ್ಳುವ ಮನಸ್ಸಿನಲ್ಲಿ.

ಸೈಕಲ್ಲಿನವನು ಸತ್ತರೆ ನಡೆದದ್ದನ್ನು ಹೇಳಲು ಉಳಿಯುವವರು ಕಾರಿನವರು ಮಾತ್ರ. ‘ಸಡನ್ನಾಗಿ ಅಡ್ಡ ಬಂದ’ ಎಂದು ಅವರು ಹೇಳಿದ್ದು ಕಾಗದಕ್ಕೆ ಇಳಿಯುತ್ತದೆ. ಎದುರು ಮಾತಾಡುವವರು ಇರುವುದಿಲ್ಲ. ನೆದರ್ಲೆಂಡ್ಸ್ ಈ ಅಸಮತೋಲನವನ್ನು ಕಾನೂನಿನಲ್ಲೇ ಸರಿದೂಗಿಸಿತು. ಅಲ್ಲಿ ಸೈಕಲ್ಲಿಗೆ ಮೋಟಾರು ವಾಹನ ಗುದ್ದಿದರೆ ನಷ್ಟ ತುಂಬುವ ಹೊಣೆ ಮೊದಲು ವಾಹನದವರದ್ದು. ಸವಾರ 14 ವರ್ಷದೊಳಗಿನ ಮಗುವಾದರೆ ಆ ಹೊಣೆ ಹೆಚ್ಚುಕಡಿಮೆ ಪೂರ್ತಿ. ನಮ್ಮ ಕಾನೂನು ಏನೇ ಹೇಳಲಿ, ಆ ಹೊಣೆಯನ್ನು ನಾವೇ ಹೊತ್ತುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಹಾಗಾಗಿ ನನ್ನ ಕೋರಿಕೆಗಳು ಇವು. ಯಾವುದಕ್ಕೂ ಹಣ ಖರ್ಚಿಲ್ಲ.

ರಾತ್ರಿ ನಿಮ್ಮ ದೀಪ ಎಷ್ಟು ದೂರ ತೋರಿಸುತ್ತದೋ ಅಷ್ಟರೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಹೋಗಿ. ಎದುರಿನಿಂದ ಬರುವುದು ಸೈಕಲ್ಲೇ ಆದರೂ ಡಿಪ್ ಮಾಡಿ. ಕಾರಿಗೆ ಡಿಪ್ ಮಾಡಿ ಸೈಕಲ್ಲಿಗೆ ಮಾಡದವರು ಬಹಳ ಮಂದಿ. ಕಣ್ಣು ಕುಕ್ಕುವ ಎಲ್‌ಇಡಿ ಬಲ್ಬನ್ನು ಹೊರಗಿನಿಂದ ಹಾಕಿಸಿದ್ದರೆ ತೆಗೆಸಿ. ಎದುರಿನಿಂದ ಬರುವ ಬೆಳಕು ನಿಮ್ಮ ಕಣ್ಣು ಕಟ್ಟಿದ ಆ ನಾಲ್ಕೈದು ಸೆಕೆಂಡು ಮುಂದಿನ ರಸ್ತೆ ಖಾಲಿ ಇದೆ ಎಂದು ಊಹಿಸಬೇಡಿ, ವೇಗ ಇಳಿಸಿ. ಗಾಜಿನ ಮೇಲೆ ಕಪ್ಪು ಫಿಲ್ಮ್ ಅಂಟಿಸಿಕೊಂಡು ಕಾಣಲಿಲ್ಲ ಎನ್ನುವುದು ಯಾವ ನ್ಯಾಯ? ಮುಂಗಾಜು, ಹಿಂಗಾಜುಗಳಲ್ಲಿ ಶೇ 70, ಪಕ್ಕದ ಗಾಜುಗಳಲ್ಲಿ ಶೇ 50 ಬೆಳಕು ಹಾಯಬೇಕೆಂಬ ನಿಯಮವಿದೆ. 2012ರಲ್ಲಿ ಸುಪ್ರೀಂ ಕೋರ್ಟೇ ಇದನ್ನು ಬಿಗಿ ಮಾಡಿತು.

ಕೂಡುರಸ್ತೆಯಲ್ಲಿ ಎರಡು ಸಲ ನೋಡಿ, ಎರಡನೆಯ ಸಲ ನಿಧಾನವಾಗಿ. ಸೀಟಿನಲ್ಲೇ ಒಂದಿಷ್ಟು ಮುಂದೆ ಹಿಂದೆ ಬಾಗಿದರೆ ಕಂಬದ ಮರೆ ಸರಿಯುತ್ತದೆ. ಎಡಕ್ಕೆ ತಿರುಗುವ ಮುನ್ನ ಎಡಗನ್ನಡಿ ನೋಡಿ. ಈಗಷ್ಟೇ ಹಿಂದೆ ಹಾಕಿದ ಸೈಕಲ್ಲು ನಿಮ್ಮ ಎಡಬದಿಯಲ್ಲೇ ಇರುತ್ತದೆ. ಅದನ್ನು ದಾಟಿ ಅದರ ಮುಂದೆಯೇ ತಿರುಗಬೇಡಿ. ಹಿಂದೆಯೇ ಬಂದು ತಿರುಗಿದರೆ ಹತ್ತು ಸೆಕೆಂಡು ತಡವಾಗಬಹುದು, ಅಷ್ಟೇ.

ಓವರ್‌ಟೇಕ್ ಮಾಡುವಾಗ ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಿ. ಬ್ರಿಟನ್ನಿನ ಹೆದ್ದಾರಿ ಸಂಹಿತೆ 2022ರಲ್ಲಿ ಹೇಳಿದ್ದೂ ಇಷ್ಟೇ ಅಂತರ. ಗುಂಡಿ, ಮುರಿದ ಡಾಂಬರಿನ ಅಂಚು, ತೆರೆದ ಚರಂಡಿ ತಪ್ಪಿಸಲು ಸೈಕಲ್ಲು ಪಕ್ಕಕ್ಕೆ ವಾಲಿಯೇ ವಾಲುತ್ತದೆ. ಅದನ್ನು ‘ಅಡ್ಡ ಬಂದ’ ಎನ್ನುವುದು ಸರಿಯಲ್ಲ. ಜಾಗವಿಲ್ಲದಿದ್ದರೆ ಹಿಂದೆಯೇ ಇರಿ. ಬೆನ್ನ ಹಿಂದೆ ಬಂದು ಹಾರ್ನ್ ಹೊಡೆದರೆ ಸವಾರ ಬೆಚ್ಚಿ ಎತ್ತ ವಾಲುತ್ತಾನೋ ಹೇಳಲಾಗದು.

ರಸ್ತೆ ಬದಿ ಕಾರು ನಿಲ್ಲಿಸಿ ಇಳಿಯುವಾಗ ಬಾಗಿಲಿನಿಂದ ದೂರದ ಕೈಯಿಂದ ಬಾಗಿಲು ತೆಗೆಯಿರಿ. ಬಲಗಡೆ ಕೂತ ಚಾಲಕ ಎಡಗೈ ಚಾಚಿದರೆ ಮೈ ತಾನಾಗಿಯೇ ತಿರುಗಿ ಹಿಂದಿನಿಂದ ಬರುವವರು ಕಣ್ಣಿಗೆ ಬೀಳುತ್ತಾರೆ. ಹಿಂದಿನ ಸೀಟಿನ ಮಕ್ಕಳಿಗೂ ಇದನ್ನೇ ರೂಢಿ ಮಾಡಿಸಿ. ಮೊಬೈಲಿನ ವಿಷಯ ಎಲ್ಲರಿಗೂ ಗೊತ್ತಿರುವುದೇ, ಒಂದು ಲೆಕ್ಕ ಮಾತ್ರ ನೆನಪಿರಲಿ: ಗಂಟೆಗೆ 60ರ ವೇಗದಲ್ಲಿ ಎರಡು ಸೆಕೆಂಡು ಪರದೆ ನೋಡಿದರೆ 33 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ.

ಇಷ್ಟೆಲ್ಲ ಮಾಡಿಯೂ ಅಪಘಾತವಾದರೆ ಓಡಿಹೋಗಬೇಡಿ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು, ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಚಾಲಕನ ಕರ್ತವ್ಯ. ಗುಂಪು ಮೇಲೆ ಬೀಳುವ ಭಯವಿದ್ದರೆ ಹತ್ತಿರದ ಠಾಣೆಗೆ ಹೋಗಿ, 108ಕ್ಕೆ, 112ಕ್ಕೆ ಕರೆ ಮಾಡಿ. ಪರಿಹಾರ ಕೊಡಲೆಂದೇ ಥರ್ಡ್ ಪಾರ್ಟಿ ವಿಮೆ ಇದೆ. ನಿಮ್ಮ ಗಾಡಿಯ ನಂಬರು ಸಿಗದೆ ಹೋದರೆ ಸತ್ತವನ ಮನೆಯವರಿಗೆ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಿಗುವುದು ಎರಡು ಲಕ್ಷ ರೂಪಾಯಿ. ದುಡಿಯುವ ಮಗನನ್ನು ಕಳೆದುಕೊಂಡ ಮನೆಗೆ ಅದು ಎಷ್ಟು ದಿನ ಬಂದೀತು?

ಕಣ್ಣಾರೆ ಕಂಡ ದಾರಿಹೋಕರೇ, ನಿಮ್ಮಲ್ಲೂ ಕೇಳಿಕೊಳ್ಳುತ್ತೇನೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಸಿವಿಲ್, ಕ್ರಿಮಿನಲ್ ಹೊಣೆಯಿಂದ ಕಾಪಾಡುವ 134ಎ ಕಲಮು 2019ರ ತಿದ್ದುಪಡಿಯಲ್ಲಿ ಸೇರಿದೆ. ರಾಜ್ಯದ್ದೇ ಒಂದು ಕಾಯ್ದೆಯೂ ಇದೆ. ಕಂಡದ್ದನ್ನು ಹೇಳಿ. ಸತ್ತವನ ಕಡೆಯ ಮಾತು ನಿಮ್ಮ ಬಾಯಿಂದಲೇ ಬರಬೇಕು.

ಸೈಕಲ್ ತುಳಿಯುವವರಿಗೆ ನನ್ನ ಮಾತು ಚಿಕ್ಕದು. ಹಿಂದೆ ಒಂದು ಕೆಂಪು ದೀಪ, ಪೆಡಲಿಗೆ ರಿಫ್ಲೆಕ್ಟರ್. ನಿಂತ ಲಾರಿ, ಬಸ್ಸುಗಳ ಎಡಪಕ್ಕಕ್ಕೆ ನುಸುಳಬೇಡಿ, ಅಲ್ಲಿ ಡ್ರೈವರಿಗೆ ನೀವು ನಿಜಕ್ಕೂ ಕಾಣುವುದಿಲ್ಲ. ಕೆಲಸಕ್ಕೆ ಸೈಕಲ್ಲಿನಲ್ಲಿ ಬರುವವರನ್ನು ದುಡಿಸಿಕೊಳ್ಳುವ ಮಾಲೀಕರು, ಪೇಪರ್ ಏಜೆಂಟರು ಆ ದೀಪ ಕೊಡಿಸುವ ಖರ್ಚನ್ನು ತಾವೇ ವಹಿಸಿಕೊಂಡರೆ ಎಷ್ಟೋ ಮನೆಗಳು ಉಳಿಯುತ್ತವೆ.

ಅಧಿಕಾರಿಗಳಿಗೂ ಒಂದು ಮಾತು. 2020ರಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಗುರುತಿಸಿದ್ದ ಸೈಕಲ್ ಪಥಕ್ಕೆ ಬೈಕು ನುಗ್ಗಿದಾಗ ತಡೆಯಲು ಆಗಲಿಲ್ಲ. ಬಣ್ಣ ಬಳಿದರೆ ಪಥವಾಗುವುದಿಲ್ಲ, ನಡುವೆ ಗಟ್ಟಿ ತಡೆ ಬೇಕು. 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಸೈಕಲ್ಲಿಗೆ ಅವಕಾಶವಿಲ್ಲ. ಸರಿ, ಹಾಗಾದರೆ ಸರ್ವಿಸ್ ರಸ್ತೆಗೆ ದೀಪ ಹಾಕಿಸಿ, ದಾಟಲು ಜಾಗ ಕೊಡಿ. ಪೊಲೀಸರು ‘ಕಾಣಲಿಲ್ಲ’ ಎಂಬ ಹೇಳಿಕೆ ಬರೆದುಕೊಂಡು ಅಲ್ಲಿಗೇ ನಿಲ್ಲಬಾರದು. ವೇಗ ಎಷ್ಟಿತ್ತು, ಹೆಡ್‌ಲೈಟ್ ಹೇಗಿತ್ತು, ಗಾಜಿಗೆ ಫಿಲ್ಮ್ ಇತ್ತೇ, ಆ ಹೊತ್ತಿಗೆ ಫೋನಿನಲ್ಲಿ ಕರೆ ನಡೆಯುತ್ತಿತ್ತೇ ಎಂಬ ನಾಲ್ಕು ಪ್ರಶ್ನೆ ಕೇಳಿದರೆ ಯಾಕೆ ಕಾಣಲಿಲ್ಲ ಎನ್ನುವುದು ತಾನೇ ಹೊರಬೀಳುತ್ತದೆ.

ನಿಮ್ಮ ಮನೆಯಲ್ಲಿ ಈ ವರ್ಷ ಯಾರಾದರೂ ಡಿಎಲ್ ಮಾಡಿಸುವವರಿದ್ದರೆ, ಆರ್‌ಟಿಒ ಮೈದಾನದಲ್ಲಿ ಗಾಡಿ ತಿರುಗಿಸುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ಸೈಕಲ್ಲಿನ ಹಿಂದೆ ಕಾಯುವುದನ್ನೂ ಕಲಿಸಿ. ಮೊದಲ ಪಾಠಕ್ಕೆ ಮುಂಚೆ ಅವರ ಕೈಗೊಂದು ಸೈಕಲ್ ಕೊಟ್ಟು, ನಿಮ್ಮೂರಿನ ಮುಖ್ಯರಸ್ತೆಯಲ್ಲಿ ಸಂಜೆ ಏಳರ ಹೊತ್ತಿಗೆ ಒಂದು ಸುತ್ತು ಹೋಗಿಬರಲು ಹೇಳಿ. ನೀವೂ ಜೊತೆಗೆ ಹೋಗಿ. ಕಾರಿನೊಳಗೆ ಕೂತು ಯಾವುದನ್ನು ಹುಡುಕಬೇಕೆಂದು ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.