ಮಠದ ಜಮೀನಿನಿಂದ ಹುಟ್ಟಿದ ಪ್ರಶ್ನೆ

ಕಾಸರಗೋಡಿನ ಸಮೀಪದ ಎಡನೀರು ಮಠವನ್ನು ಕನ್ನಡಿಗರು ಯಕ್ಷಗಾನದ ಆಶ್ರಯಸ್ಥಾನವೆಂದು ಬಲ್ಲರು. ದೇಶದ ವಕೀಲರಿಗಾದರೋ ಅದರ ಅಧಿಪತಿಗಳಾಗಿದ್ದ ಶ್ರೀ ಕೇಶವಾನಂದ ಭಾರತಿಯವರ ಹೆಸರೇ ಕಂಠಪಾಠ. ಕೇರಳದ ಭೂಸುಧಾರಣಾ ಶಾಸನದಿಂದ ಮಠದ ಜಮೀನು ಕೈತಪ್ಪುವಂತಾದಾಗ, 1970ರಲ್ಲಿ ಅವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ವ್ಯಾಜ್ಯ ಜಮೀನಿನದು, ಬೆಳೆದು ನಿಂತ ಪ್ರಶ್ನೆ ರಾಜ್ಯಾಂಗದ್ದು. ಪ್ರಜೆಗಳು ಚುನಾಯಿಸಿದ ಪಾರ್ಲಿಮೆಂಟು ಮಾಡಿದ ತಿದ್ದುಪಡಿಯನ್ನು ನ್ಯಾಯಾಲಯವು ವಿಮರ್ಶಿಸಬಹುದೆ?

ಹದಿಮೂರು ಮಂದಿ ನ್ಯಾಯಮೂರ್ತಿಗಳು 68 ದಿನ ವಾದವನ್ನು ಆಲಿಸಿದರು. 1973ರ ಏಪ್ರಿಲ್ 24ರಂದು ಏಳು ಮಂದಿ ಒಂದೆಡೆ, ಆರು ಮಂದಿ ಇನ್ನೊಂದೆಡೆ. ಪಾರ್ಲಿಮೆಂಟು ಯಾವ ವಿಧಿಯನ್ನಾದರೂ ತಿದ್ದಬಹುದು. ರಾಜ್ಯಾಂಗದ ಮೂಲಸ್ವರೂಪವನ್ನು ಮಾತ್ರ ಕೆಡಿಸಲಾಗದು ಎಂದಾಯಿತು. ಸ್ವಾಮಿಗಳು ಪ್ರಶ್ನಿಸಿದ್ದ ಭೂಶಾಸನಕ್ಕೆ ರಕ್ಷೆಯಿತ್ತ ತಿದ್ದುಪಡಿಯೇನೋ ಊರ್ಜಿತವಾಯಿತು! ಬಹುಮತದ ಪಕ್ಷದಲ್ಲಿದ್ದ ಮೂವರು ಹಿರಿಯರನ್ನು ಕಡೆಗಣಿಸಿ, ಅವರಿಗಿಂತ ಕಿರಿಯರೊಬ್ಬರನ್ನು ಸರ್ಕಾರವು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿತು. ಆ ಮೂವರಲ್ಲಿ ದಕ್ಷಿಣ ಕನ್ನಡದ ಕೆ. ಎಸ್. ಹೆಗ್ಡೆಯವರೂ ಒಬ್ಬರು, ಮೂವರೂ ರಾಜೀನಾಮೆಯಿತ್ತರು.

‘ಮೂಲಸ್ವರೂಪ’ವೆಂಬ ಮಾತು ರಾಜ್ಯಾಂಗದಲ್ಲಿ ಎಲ್ಲಿದೆ, ಮತ ಬೇಡದ ನ್ಯಾಯಾಧೀಶರು ಮತ ಪಡೆದವರ ಕೈ ಹಿಡಿಯುವುದೆಂತು ಎಂದು ಕೇಳುವವರಿದ್ದಾರೆ. ಪ್ರಶ್ನೆ ಹುರುಳಿಲ್ಲದ್ದಲ್ಲ. ಆದರೆ 1975ನ್ನು ನೆನೆಯಬೇಕು. ಜೂನ್ ತಿಂಗಳಲ್ಲಿ ಅಲಹಾಬಾದ್ ಹೈಕೋರ್ಟು ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುವೆಂದಿತು. ತುರ್ತುಪರಿಸ್ಥಿತಿ ಬಂದಿತು; ವಿರೋಧ ಪಕ್ಷದ ನಾಯಕರು ಸೆರೆಮನೆ ಸೇರಿದರು. ಆಗಸ್ಟಿನಲ್ಲಿ, ಪ್ರಧಾನಿಯ ಚುನಾವಣೆಯನ್ನು ಯಾವ ನ್ಯಾಯಾಲಯವೂ ವಿಚಾರಿಸದಂತೆ 39ನೆಯ ತಿದ್ದುಪಡಿ ಅಂಗೀಕೃತವಾಯಿತು. ಸಭೆ ಚುನಾಯಿತವೇ, ಬಹುಮತವೂ ಸಾಕಷ್ಟಿತ್ತು. ಒಬ್ಬರ ವ್ಯಾಜ್ಯಕ್ಕಾಗಿ ರಾಜ್ಯಾಂಗವನ್ನೇ ತಿದ್ದಿದಾಗ ತಡೆಯುವವರು ಯಾರು? ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಆಯ್ಕೆಯನ್ನು ಬೇರೆ ಕಾರಣಗಳಿಂದ ಎತ್ತಿಹಿಡಿದರೂ, ಆ ನಿರ್ಬಂಧವನ್ನು ಮಾತ್ರ ಕಿತ್ತೆಸೆಯಿತು.

ಮರುವರ್ಷದ 42ನೆಯ ತಿದ್ದುಪಡಿಯು ಯಾವ ತಿದ್ದುಪಡಿಯನ್ನೂ ಕೋರ್ಟಿನಲ್ಲಿ ಪ್ರಶ್ನಿಸಕೂಡದೆಂದಿತು. ಅದನ್ನು 1980ರಲ್ಲಿ ಉರುಳಿಸಿದ್ದು ಬೆಂಗಳೂರಿನ ಮಿನರ್ವ ಬಟ್ಟೆ ಗಿರಣಿಯ ಮೊಕದ್ದಮೆ. ಮಿತವಾದ ಅಧಿಕಾರವು ತನ್ನನ್ನು ತಾನೇ ಅಮಿತವನ್ನಾಗಿ ಮಾಡಿಕೊಳ್ಳಲಾರದೆಂಬ ಅಂದಿನ ತರ್ಕಕ್ಕೆ ಸಮರ್ಪಕವಾದ ಉತ್ತರ ಇನ್ನೂ ದೊರೆತಿಲ್ಲ.

ಹಾಗೆಂದು ನ್ಯಾಯಪೀಠವೂ ಸಂಶಯಾತೀತವಲ್ಲ. ನ್ಯಾಯಾಧೀಶರ ನೇಮಕಕ್ಕೆ ಆಯೋಗವೊಂದನ್ನು ರಚಿಸಿದ 99ನೆಯ ತಿದ್ದುಪಡಿಯನ್ನು 2015ರಲ್ಲಿ ನ್ಯಾಯಾಧೀಶರೇ ರದ್ದುಗೊಳಿಸಿದರು. ತಮ್ಮ ಮನೆಯ ವ್ಯಾಜ್ಯಕ್ಕೆ ತಾವೇ ಪಂಚರಾದಂತಾಯಿತು. ಐವರಲ್ಲಿ ಭಿನ್ನಮತವನ್ನು ಬರೆದವರು ನ್ಯಾಯಮೂರ್ತಿ ಚಲಮೇಶ್ವರ್ ಒಬ್ಬರೇ.