ದೊಡ್ಡ ಅಕ್ಷರ, ಸಣ್ಣ ಅಕ್ಷರ



“ಸ್ವಲ್ಪ ಉತ್ಪ್ರೇಕ್ಷೆಯಿಲ್ಲದೆ ಯಾವ ಸರಕೂ ಮಾರಾಟವಾಗುವುದಿಲ್ಲ, ಮೇಷ್ಟ್ರೇ” ಎಂದು ನಿಮ್ಮಲ್ಲಿ ಕೆಲವರು ನನಗೆ ಹೇಳಿದ್ದುಂಟು. ಕಂಪನಿಗಳ ಮಾರಾಟ ವಿಭಾಗಗಳಲ್ಲಿ ಹಿರಿಯ ಹುದ್ದೆಗಳಲ್ಲಿರುವವರು ನೀವು. ಆ ಮಾತಿಗೆ ಉತ್ತರಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಸೀರೆಯಂಗಡಿಯವನು ತನ್ನ ಸೀರೆಯನ್ನು ಹೊಗಳಿಕೊಂಡರೆ ನನ್ನ ಆಕ್ಷೇಪವಿಲ್ಲ. ಕೊಳ್ಳುವಾಕೆ ಸೆರಗನ್ನು ಕೈಯಲ್ಲಿ ಹಿಡಿದು ನೋಡಬಲ್ಲಳು. ಆದರೆ ಕೊಳ್ಳುವವರು ಪರೀಕ್ಷಿಸಲಾಗದ ವಸ್ತುವನ್ನು ಅವರ ನಂಬಿಕೆಯೊಂದರ ಬಲದಿಂದಲೇ ಮಾರುವಾಗ ಮಾತು ಬೇರೆಯಾಗುತ್ತದೆ. ಓ.ಆರ್.ಎಸ್. ಎಂಬ ಮೂರು ಅಕ್ಷರಗಳ ಕಥೆಯನ್ನೇ ತೆಗೆದುಕೊಳ್ಳಿ.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ದ್ರವ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸುವ ಏರ್ಪಾಡು ಮಾಡಿದರು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ 4ಕ್ಕಿಂತ ಕೆಳಗಿಳಿಯಿತು. ಆ ಮೂರು ಅಕ್ಷರಗಳಿಗೆ ಬಂದ ಮರ್ಯಾದೆ ಇಂಥ ದುಡಿಮೆಯಿಂದ ಬಂದದ್ದು. ಯಾವ ಜಾಹೀರಾತಿನಿಂದಲೂ ಅಲ್ಲ.

ಈ ದ್ರಾವಣದ ಜೀವಾಳ ಅದರ ಅಳತೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಗ್ಲೂಕೋಸ್ ಮತ್ತು ಸೋಡಿಯಂ ಹದವಾಗಿದ್ದರೆ ಕರುಳು ನೀರನ್ನು ಹೀರಿಕೊಳ್ಳುತ್ತದೆ. ಸಕ್ಕರೆ ಮಿತಿಮೀರಿದರೆ ಮೈಯೊಳಗಿನ ನೀರೇ ಕರುಳಿಗೆ ಇಳಿದು ಭೇದಿ ಉಲ್ಬಣಿಸುತ್ತದೆ.

ಹೀಗಿರುವಾಗ, ಸೂತ್ರಕ್ಕಿಂತ ಹಲವು ಪಟ್ಟು ಸಕ್ಕರೆಯಿದ್ದ ಹಣ್ಣಿನ ರುಚಿಯ ಪಾನೀಯಗಳ ಮೇಲೆ ಅವೇ ಅಕ್ಷರಗಳನ್ನು ದಪ್ಪಗೆ ಅಚ್ಚುಹಾಕಿ ಔಷಧದ ಅಂಗಡಿಗಳಲ್ಲೇ ಮಾರಲಾಯಿತು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರ ಏಪ್ರಿಲ್‌ನಲ್ಲಿ ಇದನ್ನು ತಡೆದು, ಜುಲೈನಲ್ಲಿ ಸಡಿಲಿಸಿತು. ‘ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓ.ಆರ್.ಎಸ್. ಅಲ್ಲ’ ಎಂಬ ಷರಾ ಇದ್ದರೆ ಬ್ರಾಂಡಿನ ಹೆಸರಿನೊಡನೆ ಆ ಅಕ್ಷರಗಳು ಇರಬಹುದೆಂದಿತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್ 14ರಂದು ಆ ಸಡಿಲಿಕೆ ರದ್ದಾಯಿತು. ಆಗಲೂ ಉಳಿದ ದಾಸ್ತಾನನ್ನು ಮಾರಲು ಬಿಡಿ ಎಂದು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವರುಂಟು!

ಆ ಷರಾವನ್ನು ಸ್ವಲ್ಪ ಯೋಚಿಸಿ ನೋಡಿ. ಮುಂದೆ ದೊಡ್ಡದಾಗಿ ‘ಹೌದು’, ಇನ್ನೊಂದೆಡೆ ಸಣ್ಣದಾಗಿ ‘ಅಲ್ಲ’. ಎರಡನ್ನೂ ಬರೆಸಿದ ಕೈ ಒಂದೇ. ಗಾಬರಿಗೊಂಡ ತಾಯಿ ಯಾವುದನ್ನು ಓದುತ್ತಾಳೆಂಬುದು ಆ ಕೈಗೆ ಚೆನ್ನಾಗಿ ಗೊತ್ತು. ಹಾಗಾಗಿ ಈ ಷರಾ ಗ್ರಾಹಕರಿಗೆ ಕೊಟ್ಟ ಎಚ್ಚರಿಕೆಯಲ್ಲ, ಮಾರುವವನು ತನಗಾಗಿ ಬರೆದಿಟ್ಟುಕೊಂಡ ನಿರೀಕ್ಷಣಾ ಜಾಮೀನು.

“ಕಾನೂನು ಮೀರಿಲ್ಲವಲ್ಲ?” ಎನ್ನುವಿರಿ. ಜಾಹೀರಾತುಗಳಿಗೆ ಸಂಬಂಧಿಸಿದ 2022ರ ಜೂನ್ 9ರ ಕೇಂದ್ರ ಮಾರ್ಗಸೂಚಿಯನ್ನು ಓದಿ: ಷರಾ ಮೂಲ ಹೇಳಿಕೆಯನ್ನು ವಿವರಿಸಬಹುದೇ ಹೊರತು ಅದಕ್ಕೆ ವಿರುದ್ಧವಾಗಿರಕೂಡದು, ದಾರಿ ತಪ್ಪಿಸುವ ಹೇಳಿಕೆಯನ್ನು ತಿದ್ದುವ ಉಪಾಯವೂ ಆಗಕೂಡದು. “ಗ್ರಾಹಕರು ಓದಿಕೊಳ್ಳಬೇಕು” ಎನ್ನುವಿರಿ. ಮಕ್ಕಳಿಗೆ ಓದು ಕಲಿಸುವುದರಲ್ಲೇ ಆಯುಷ್ಯ ಕಳೆದವನು ನಾನು. ಓದಬಲ್ಲವರೂ ಓದದಂತೆ ಅಚ್ಚುಹಾಕಿ, ಆಮೇಲೆ ಓದಲಿಲ್ಲವೆಂದು ದೂರುವುದು ಯಾವ ಸೀಮೆಯ ನ್ಯಾಯ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಕೊಳ್ಳುವವರ ಎಚ್ಚರಕ್ಕಾಗಿ ಹುಟ್ಟಿದ್ದು. ಸುಣ್ಣದ ನೀರನ್ನು ಮಾರುವವರಿಗೆ ಅದು ಪರವಾನಗಿಯಲ್ಲ.

ವ್ಯಾಪಾರವೆಂದರೇ ಮೋಸವೆಂದು ನಾನು ಹೇಳುತ್ತಿಲ್ಲ. ಸರಿಯಾಗಿ ತೂಗಿ ಕೊಟ್ಟು ಮೂರು ತಲೆಮಾರು ಬಾಳಿದ ಅಂಗಡಿಗಳನ್ನು ನೀವೂ ಕಂಡಿದ್ದೀರಿ. ನಿಮ್ಮನ್ನು ಕೇಳುವುದು ಇಷ್ಟೇ: ನೀವು ಮಾರುವ ಪೊಟ್ಟಣದ ಸಣ್ಣ ಅಕ್ಷರದ ಸಾಲನ್ನು ದೊಡ್ಡದಾಗಿಯೂ, ದೊಡ್ಡದನ್ನು ಸಣ್ಣದಾಗಿಯೂ ಒಮ್ಮೆ ಮನಸ್ಸಿನಲ್ಲೇ ಅಚ್ಚುಹಾಕಿ ನೋಡಿ. ಆಗಲೂ ಜನ ಕೊಳ್ಳುವರಾದರೆ ನಿಮ್ಮದು ವ್ಯಾಪಾರ. ಕೊಳ್ಳಲಾರರು ಎನಿಸಿದರೆ, ನಿಮಗೆ ಬರುತ್ತಿರುವ ಸಂಬಳ ಎಲ್ಲಿಂದ ಬರುತ್ತಿದೆಯೆಂದು ನೀವೇ ಲೆಕ್ಕ ಹಾಕಿಕೊಳ್ಳಿ. ಲೆಕ್ಕ ನಿಮಗೆ ಬರುತ್ತದೆ.

ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ನಮೂದಾಗಿರುವ ಪುಡಿಯ ಪೊಟ್ಟಣವನ್ನೇ ಕೇಳಿ ತನ್ನಿರಿ. ಅದು ಸಿಗುವವರೆಗೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕೂಡಲೇ ವೈದ್ಯರಿಗೆ ತೋರಿಸಿ.